ಹಿಂದಕ್ಕೂ ಹರಿಯೋ ಹೊಳೆ

ಅಘನಾಶಿನಿ ಹೊಳೆ ನೀರು ಸುಮ್ನೆ ಸಮುದ್ರ ಸೇರಿ ಪೋಲಾಗ್ತಿದೆ, ತಿರುಗಿಸಿ ಬಯಲುಸೀಮೆಯ ವೇದಾವತಿ ನದಿಗೆ ಬಿಡಿ ಅನ್ನೋ ಮಾತು ಈಗೀಗ ಜೋರಾಗಿ ಕೇಳ್ತಿದೆ. ಬಯಲುಸೀಮೆಯವ್ರ ಬಾಯಾರಿಕೆ ಸುಳ್ಳಲ್ಲ, ಅದನ್ನ ಒಪ್ಪೋಣ. ಆದ್ರೆ ಈ ಪೋಲು ಅನ್ನೋರು ಒಂದ್ಸಲ ಕುಮಟಾ ಕಡೆ ಬಂದು ಇಳಿತದ ಹೊತ್ತಲ್ಲಿ ಹೊಳೆ ದಡದಲ್ಲಿ ನಿಲ್ಬೇಕು.

ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಗೋಕರ್ಣದ ಹತ್ರ ತದಡಿಯಲ್ಲಿ ಕಡಲು ಸೇರೋ ಹೊಳೆ ಇದು. ಅತ್ತ ಕಾಳಿಗೆ ಸೂಪಾ, ಕದ್ರಾ, ಇತ್ತ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ನಡುವಿನ ಈ ಹೊಳೆಗೆ ಅಂಥ ದೊಡ್ಡ ಡ್ಯಾಮ್ ಯಾವುದೂ ಇಲ್ಲ. ಹಾಗಾಗಿ ಘಟ್ಟದ ಸಿಹಿನೀರು ಮಳೆ ಲೆಕ್ಕದಲ್ಲೇ ಕೆಳಗೆ ಬರುತ್ತೆ, ಭರತ ಏರಿದ್ರೆ ಹೊಳೆನೇ ಉಪ್ಪು ಹೊತ್ಕೊಂಡು ವಾಪಸ್ ಮೇಲಕ್ಕೆ ಹೊರಡುತ್ತೆ, ದಿನಕ್ಕೆ ಎರಡು ಸಲ ಈ ಓಡಾಟ ನಡೀತಾನೇ ಇರುತ್ತೆ.

ಇಳಿತಕ್ಕೆ ಕೆಸರಿನ ದಿಬ್ಬಗಳು ಎದ್ದ ಕೂಡ್ಲೇ ಹೆಂಗಸ್ರು ಬುಟ್ಟಿ ಹಿಡ್ದು ಇಳೀತಾರೆ, ಸೀರೆ ಮೊಣಕಾಲ ಮೇಲೆ ಕಟ್ಟಿ. ನೀರು ಕದಡಿ ಕಣ್ಣಿಗೆ ಏನೂ ಕಾಣಲ್ಲ, ಕಾಲ್ಬೆರಳಿಗೆ ಗಟ್ಟಿ ಅಂತ ಸಿಕ್ಕಿದ್ದೇ ಬಳಚು ಅನ್ನೋ ಚಿಪ್ಪುಮೀನು, ಬಗ್ಗಿ ತೆಗೆದು ಬುಟ್ಟಿಗೆ. ಉಪ್ಪು ಸಿಹಿ ಎರಡೂ ಹದವಾಗಿ ಬೆರೆತ್ರೇನೇ ಅದು ಬೆಳೆಯೋದು, ಸಿಹಿನೀರು ಕಮ್ಮಿ ಆದ್ರೆ ಹದ ಕೆಡುತ್ತೆ.

ಇನ್ನು ಗಜನಿ, ಅಂದ್ರೆ ಉಪ್ಪುನೀರು ನುಗ್ಗೋ ಹೊಳೆ ದಡದ ತಗ್ಗು ಗದ್ದೆ. ಮಳೆಗಾಲದಲ್ಲಿ ನೆಲದ ಉಪ್ಪು ತೊಳೆದು ಹೋದ್ಮೇಲೆ ಅಲ್ಲಿ ಕಗ್ಗ ಬಿತ್ತಾರೆ, ಉಪ್ಪನ್ನೂ ತಡೆಯೋ, ನೆರೆ ನೀರಲ್ಲಿ ದಿನಗಟ್ಟಲೆ ಮುಳುಗಿದ್ರೂ ಸಾಯದ ಭತ್ತ ಅದು, ಗೊಬ್ಬರ ಔಷಧಿ ಯಾವ್ದನ್ನೂ ಕೇಳಲ್ಲ. (ಈಗ ಮಾಣಿಕಟ್ಟಾ ಕಡೆ ಒಂದಿಷ್ಟು ಜನ ಹಟ ಹಿಡಿದು ಉಳಿಸ್ಕೊಂಡಿದ್ದಾರೆ, ಇಲ್ದಿದ್ರೆ ಇಷ್ಟೊತ್ತಿಗೆ ಮರೆತೇ ಹೋಗ್ತಿತ್ತು.) ಕೊಯ್ಲಾದ್ಮೇಲೆ ತೂಬಿನ ಹಲಗೆ ಎತ್ತಿದ್ರೆ ಉಪ್ಪುನೀರು ಒಳಗೆ, ಅದ್ರ ಜೊತೆ ಸಿಗಡಿ ಮರಿ, ಅದಕ್ಕೆ ಮೇವು ಕೊಳೆತ ಕಗ್ಗದ ಕೂಳೆ. ಒಂದೇ ಗದ್ದೆಯಿಂದ ಅಕ್ಕಿನೂ ಬಂತು, ಸಿಗಡಿನೂ ಬಂತು.

ಬೇಸಿಗೆ ಬಂದ್ರೆ ಸಾಣಿಕಟ್ಟಾದಲ್ಲಿ ಇದೇ ನೀರನ್ನ ಪಾತಿಗೆ ಬಿಟ್ಟು ಒಣಗಿಸಿ ಉಪ್ಪು ತೆಗೀತಾರೆ. 2024ರಲ್ಲಿ ಈ ಅಳಿವೆ, ಅಂದ್ರೆ ಹೊಳೆ ಕಡಲು ಸೇರೋ ಜಾಗ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರ್ತು, ಒಳ್ಳೇದೇ. ಆದ್ರೆ ಆ ಬೋರ್ಡು ಅಳಿವೆಗೆ, ನೀರು ಬರ್ಬೇಕಾದ್ದು ಘಟ್ಟದ ಮೇಲಿಂದ. ಅಲ್ಲಿ ಪೈಪ್ ಹಾಕೋರು ಇಲ್ಲಿನ ಬುಟ್ಟಿಯವ್ರನ್ನ ಒಂದ್ಮಾತು ಕೇಳಿದ್ರಾ ಅಂತ.