ಗತಕಾಲ, ಒಂದು ಪಾರ್ಸೆಲ್

ಮೊನ್ನೆ ಗೆಳೆಯರೊಬ್ಬರು ತಮ್ಮ ಹೊಸ ಕಾದಂಬರಿಯ ಪಿಡಿಎಫ್ ಕಳಿಸಿದರು. ಬೆನ್ನುಡಿಗೆ ನಾಲ್ಕು ಸಾಲು ಬೇಕಂತೆ. ನನಗೆ ತೊಂದರೆ ಆಗಬಾರದು ಅಂತ ಆ ನಾಲ್ಕು ಸಾಲನ್ನೂ ಅವರೇ ಬರೆದು ಕಳಿಸಿದ್ದರು. 'ಕಳೆದುಹೋದ ಮಲೆನಾಡನ್ನು ಲೇಖಕರು ಸಮರ್ಥವಾಗಿ ಕಟ್ಟಿಕೊಟ್ಟಿದ್ದಾರೆ' ಅಂತ. ಕೆಳಗೆ ನನ್ನ ಹೆಸರು ಹಾಕಲು ಹೂಂ ಅಂದರೆ ಮುಗೀತು.

ಈ 'ಕಟ್ಟಿಕೊಡುವ' ವಿಷಯ ನನಗೆ ಯಾವತ್ತೂ ಅರ್ಥ ಆಗಿಲ್ಲ. ಹೋಟೆಲಿನಲ್ಲಿ ಎರಡು ಇಡ್ಲಿ ಒಂದು ವಡೆ ಕಟ್ಟಿಕೊಡಿ ಅಂದರೆ ಕಟ್ಟಿಕೊಡುತ್ತಾರೆ. ಬಾಳೆಲೆ, ಪೇಪರು, ದಾರ, ಐದು ನಿಮಿಷದ ಕೆಲಸ. ನಮ್ಮ ವಿಮರ್ಶಕರ ಪ್ರಕಾರ ಗತಕಾಲವೂ ಹಾಗೇ. ಪಾರ್ಸೆಲ್ ಮನೆಗೆ ತಂದು ಬಿಚ್ಚಿದವರಿಗೆ ಮುಂದಿನದು ಗೊತ್ತೇ ಇದೆ. ಚಟ್ನಿ ಹೋಗಿ ಸಾಂಬಾರಿಗೆ ಸೇರಿರುತ್ತದೆ. ವಡೆ ಒದ್ದೆ ಬಟ್ಟೆ ಆಗಿರುತ್ತದೆ. ಆದರೂ ದುಡ್ಡು ಕೊಟ್ಟಿದ್ದೀವಲ್ಲ ಅಂತ ತಿಂದು, ಚೆನ್ನಾಗಿದೆ ಅಂತೀವಿ.

ಇರಲಿ, ಕಾದಂಬರಿ ಓದಿದೆ. ಸಾಮಾನು ಸರಂಜಾಮು ಏನೂ ಕಮ್ಮಿಯಿಲ್ಲ. ಮೊದಲ ಪುಟಕ್ಕೇ ಜಡಿಮಳೆ. ಎರಡನೇ ಪುಟಕ್ಕೆ ಬಚ್ಚಲ ಒಲೆ, ಅದರ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. ಹತ್ತನೇ ಪುಟಕ್ಕೆ ಅಜ್ಜಿ ಬಂದು ಇನ್ನೂರನೇ ಪುಟಕ್ಕೆ ತೀರಿಕೊಳ್ಳುತ್ತಾಳೆ. ಅಷ್ಟರೊಳಗೆ ಆ ಅಜ್ಜಿ ಒಬ್ಬರನ್ನೂ ಒಮ್ಮೆಯೂ ಬೈಯುವುದಿಲ್ಲ. ಎಂಥಾ ಅಜ್ಜಿ ಸ್ವಾಮಿ ಅದು? ಇನ್ನು ನಾಯಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಿಗಾಲಲ್ಲಿ ಅಡಿಕೆ ತೋಟದಲ್ಲಿ ಓಡುತ್ತಲೇ ಇರುತ್ತಾನೆ. ಮುನ್ನೂರು ಪುಟದ ಮಲೆನಾಡಿನಲ್ಲಿ ರಕ್ತ ಹೀರುವ ಒಂದೇ ಒಂದು ಉಂಬಳ ಇಲ್ಲ! ಸುಣ್ಣ ಹಚ್ಚಲು, ಉಪ್ಪು ಹಾಕಲು, ರಾತ್ರಿ ಕಾಲ್ಬೆರಳ ಸಂದಿ ತಡವಿ ನೋಡಲು ಯಾರಿಗೂ ಕಾರಣವೇ ಇಲ್ಲ. ಅಡಿಕೆ ಕೊಳೆಯುವುದಿಲ್ಲ, ಸೌದೆ ಒದ್ದೆಯಾಗುವುದಿಲ್ಲ, ಯಾರ ಹೊಟ್ಟೆಯೂ ಕೆಡುವುದಿಲ್ಲ. ನಡುರಾತ್ರಿ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಹಿತ್ತಲಿಗೆ ಹೋಗುವ ದೃಶ್ಯವಂತೂ ಕೇಳಲೇಬೇಡಿ.

ನನಗೆ ಗೊತ್ತಿರುವ ಮಟ್ಟಿಗೆ ಈ ಗೆಳೆಯರು ಬೆಳೆದದ್ದು ಬೆಂಗಳೂರಿನ ಒಂದು ಕ್ವಾರ್ಟರ್ಸಿನಲ್ಲಿ. ಬೇಸಿಗೆ ರಜೆಯ ಹದಿನೈದು ದಿನ ಮಾತ್ರ ಅಜ್ಜಿ ಮನೆ. ಮಳೆಗಾಲದಲ್ಲಿ ಇವರು ಅಲ್ಲಿ ಇದ್ದೇ ಇಲ್ಲ. ಫೋನ್ ಮಾಡಿ, ಇಷ್ಟೊಂದು ಮಳೆ ಎಲ್ಲಿಂದ ತಂದಿರಿ ಅಂತ ಕೇಳಿದೆ. ಸ್ವಲ್ಪವೂ ಅಳುಕದೆ ಹೇಳಿದರು: "ಸ್ವಲ್ಪ ಮಾಲ್ಗುಡಿಯಿಂದ ಬಂತು ಅನ್ಸತ್ತೆ."

ಮಾಲ್ಗುಡಿಯ ಕಥೆ ನಿಮಗೆ ಗೊತ್ತಿಲ್ಲದ್ದೇನಲ್ಲ. 1930ರ ಸುಮಾರಿಗೆ ಆರ್.ಕೆ. ನಾರಾಯಣ್ ಬೆಂಗಳೂರಿನಲ್ಲಿ, ಅಜ್ಜಿ ಗೊತ್ತುಮಾಡಿದ ಒಳ್ಳೆಯ ದಿನ ನೋಡಿ, ನೋಟ್‌ಬುಕ್ ತೆಗೆದು ಕೂತರು. ಪೆನ್ನು ಕಚ್ಚುತ್ತಾ ಕೂತವರ ಕಣ್ಣಮುಂದೆ ಪುಟ್ಟ ರೈಲು ನಿಲ್ದಾಣದ ಒಂದು ಊರು ತೇಲಿ ಬಂತು. ಬರೆದದ್ದು ಇಂಗ್ಲಿಷಿನಲ್ಲಿ. ಆ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾದದ್ದು 1935ರಲ್ಲಿ, ಕಥೆ ನಡೆಯುವುದು 1930ರಲ್ಲಿ. ಅಂದರೆ ಅವರು ತಮ್ಮ ಕಾಲದ್ದನ್ನೇ ಬರೆದರು. ಶುರುವಾಗುವುದು ಕೂಡ 'ಅಯ್ಯೋ, ಸೋಮವಾರ ಬಂತಲ್ಲ, ಶಾಲೆಗೆ ಹೋಗಬೇಕಲ್ಲ' ಎಂಬ ಹುಡುಗನ ಸಂಕಟದಿಂದ. 'ಆಹಾ, ಆ ದಿನಗಳೇ ದಿನಗಳು' ಅಂತ ಆ ಹುಡುಗನಿಗೆ ಹೇಳಿದ್ದರೆ ಇಂಕಿನ ಬಾಟ್ಲಿ ಎಸೆಯುತ್ತಿದ್ದ.

ಐವತ್ತು ವರ್ಷ ಆದಮೇಲೆ ಶಂಕರ್‌ನಾಗ್ ಆ ಊರನ್ನು ಆಗುಂಬೆಗೆ ತಂದರು. 'ಮಾಲ್ಗುಡಿ ಡೇಸ್' ಧಾರಾವಾಹಿ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆ ಸಂಗೀತ ಕೇಳಿದರೆ ಈಗಲೂ ನನ್ನ ಕೈಕೆಲಸ ನಿಲ್ಲುತ್ತದೆ. ಆದರೆ ಒಂದು ಸಣ್ಣ ವಿಷಯ ನಾವೆಲ್ಲ ಮರೆತಿದ್ದೇವೆ. ಅದನ್ನು ತೆಗೆದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ದೂರದರ್ಶನದಲ್ಲಿ ನಾವು ನೋಡಿದ ಆಗುಂಬೆಯ ರಸ್ತೆಯಲ್ಲಿ ಪಂಚೆ ಉಟ್ಟವರು, ಜುಟ್ಟು ಬಿಟ್ಟವರು ಎಲ್ಲರೂ ಅಚ್ಚ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅದನ್ನೇ ನಾವು ಅಪ್ಪಟ ಕನ್ನಡದ ಬಾಲ್ಯ ಅಂತ ನಂಬಿದ್ದೇವೆ. ಅದರಲ್ಲಿ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ಬಾಲ್ಯವನ್ನು ನಮ್ಮದು ಅಂತ ಹೇಳಿಕೊಂಡು ಈ ರಾಜ್ಯದಲ್ಲಿ ಎಷ್ಟು ಲಲಿತ ಪ್ರಬಂಧಗಳು ಬಂದಿವೆಯೋ. ಅವನಿಗೆ ಒಂದೊಂದಕ್ಕೆ ಹತ್ತು ರೂಪಾಯಿ ರಾಯಲ್ಟಿ ಸಿಕ್ಕಿದ್ದರೂ ಸಾಕಿತ್ತು.

ಇಷ್ಟಾದಮೇಲೆ ರೈಲ್ವೆ ಇಲಾಖೆ ಸುಮ್ಮನಿರುತ್ತದೆಯೇ? ಧಾರಾವಾಹಿಯ ರೈಲು ನಿಲ್ದಾಣವಾಗಿದ್ದ ಹೊಸನಗರ ತಾಲ್ಲೂಕಿನ ಅರಸಾಳಿಗೆ ಮಾಲ್ಗುಡಿ ಅಂತಲೇ ಹೆಸರಿಡುವ ಮಾತು ಎದ್ದಿತು. 2020ರಲ್ಲಿ ಅಲ್ಲಿಯ ಹಳೇ ಕಟ್ಟಡ ರಿಪೇರಿಯಾಗಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಲೆಕ್ಕ ಹಾಕಿ. ಒಬ್ಬರ ತಲೆಯಲ್ಲಿದ್ದ ಊರು, ಇನ್ನೊಬ್ಬರ ಕ್ಯಾಮೆರಾದಲ್ಲಿ ಬೇರೆ ಊರು, ಆ ಬೇರೆ ಊರಿಗೆ ಈಗ ಮೊದಲಿನ ಊರಿನ ಬೋರ್ಡು. ಜೆರಾಕ್ಸಿನ ಜೆರಾಕ್ಸ್. ನಾನೂ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ನನ್ನ ಪಕ್ಕದಲ್ಲಿ ಒಬ್ಬರು ಹೆಂಡತಿ ಮಕ್ಕಳನ್ನು ನಿಲ್ಲಿಸಿ, ಕಣ್ಣು ಒದ್ದೆ ಮಾಡಿಕೊಂಡು, "ನೋಡ್ರೋ, ಅಪ್ಪನ ಬಾಲ್ಯ ಇದೇ" ಅಂದರು. ಮಗ ಮೊಬೈಲಿನಿಂದ ತಲೆಯೆತ್ತಿ, "ನೀನು ದಾವಣಗೆರೆ ಅಲ್ವಾ?" ಅಂದ.

ಅದೇ ರೈಲಿನಲ್ಲಿ ಮುಂದೆ ಹೋದರೆ ಸಾಗರ, ಆಮೇಲೆ ತಾಳಗುಪ್ಪ. ಆ ಸೀಮೆಯಲ್ಲಿ ನಿಜವಾಗಿಯೂ ಇದ್ದ ಊರುಗಳಿದ್ದವು. ಗದ್ದೆ, ತೋಟ, ದೇವಸ್ಥಾನ, ಜಗಳ, ಸಾಲ ಎಲ್ಲ ಇದ್ದ ಊರುಗಳು. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರುಗಳು ಮುಳುಗಿದವು. ಪಾತ್ರೆ, ದನ, ಮಕ್ಕಳನ್ನು ಲಾರಿಗೆ ಹತ್ತಿಸಿ ಕಾಡಿನಲ್ಲಿ ಇಳಿಸಿದರು. ಅವರ ಹೊಳೆಯಿಂದ ನಮಗೆಲ್ಲ ಕರೆಂಟು ಬಂತು. ಅವರಲ್ಲಿ ಎಷ್ಟೋ ಮನೆಗಳಿಗೆ ಆಮೇಲೂ ವರ್ಷಗಟ್ಟಲೆ ಲಾಟೀನೇ ಗತಿ. ಅರವತ್ತು ವರ್ಷ ಕಳೆದರೂ ಕೂತ ಜಾಗಕ್ಕೆ ಹಕ್ಕುಪತ್ರ ಸಿಗದ ಕುಟುಂಬಗಳು ಇನ್ನೂ ಇವೆ. ಜಾಗ ತೋರಿಸಿದ್ದು ಸರ್ಕಾರ. ಈಗ ಅದು ಅರಣ್ಯ, ನೀವು ಒತ್ತುವರಿದಾರರು ಅನ್ನುವುದೂ ಸರ್ಕಾರ. ಇಲ್ಲದ ಊರಿಗೆ ಬೋರ್ಡು ಹಾಕುವ ಈ ನಾಡಿಗೆ ಇದ್ದ ಊರಿನವರಿಗೆ ಒಂದು ಕಾಗದ ಕೊಡಲು ಮೂರು ತಲೆಮಾರು ಸಾಲಲಿಲ್ಲ. ಇದಕ್ಕೆ ತಮಾಷೆ ಮಾಡಲು ನನಗೆ ಬರುವುದಿಲ್ಲ, ಸುಸ್ತಾಗಿದೆ.

ಅವರ ಗತಕಾಲವನ್ನು ಯಾರೂ ಕಟ್ಟಿಕೊಡುವುದೂ ಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಹಿನ್ನೀರು ಇಳಿದರೆ, ಮುಳುಗಿದ ಹಳೇ ಮಡೆನೂರು ಅಣೆಕಟ್ಟು ತಾನಾಗಿಯೇ ಮೇಲೆ ಬಂದು ನಿಲ್ಲುತ್ತದೆ. ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಸೆಲ್ಫಿ, ಡ್ರೋನು, ಖಾಲಿ ನೀರಿನ ಬಾಟ್ಲಿ. ಮಳೆ ಬಂದರೆ ಮತ್ತೆ ಒಳಗೆ.

ಲಾಟೀನು ಅಂದೆನಲ್ಲ. ಗೆಳೆಯರ ಕಾದಂಬರಿಯಲ್ಲಿ ಲಾಟೀನು ಹದಿನೇಳು ಸಲ ಬರುತ್ತದೆ, ಹದಿನೇಳು ಸಲವೂ 'ಹೊಂಬೆಳಕು ಚೆಲ್ಲುತ್ತದೆ'. ಈಗಿನ ಹೋಂಸ್ಟೇಗಳಲ್ಲಿ ಅದರೊಳಗೆ ಎಲ್‌ಇಡಿ ಬಲ್ಬು ಹಾಕಿರುತ್ತಾರೆ, ಅದು ಚೆಲ್ಲಬಹುದೇನೋ. ನಮ್ಮನೆಯದು ಚೆಲ್ಲುತ್ತಿದ್ದದ್ದು ಸೀಮೆಎಣ್ಣೆ. ಸಂಜೆ ಐದಕ್ಕೆ ಗಾಜು ಒರೆಸುವುದು ಮಕ್ಕಳ ಕೆಲಸ. ಮಕ್ಕಳ ಮೇಲಿನ ಪ್ರೀತಿಯಿಂದ ಕೊಟ್ಟದ್ದಲ್ಲ, ಗಾಜಿನೊಳಗೆ ಹೋಗುವಷ್ಟು ಸಣ್ಣ ಕೈ ಇದ್ದದ್ದು ನಮಗೆ ಮಾತ್ರ. ಒಲೆಯ ಬೂದಿ, ಹಳೇ ಪಂಚೆಯ ಚೂರು. ಸುತ್ತ ತಿರುಗಿಸಿ ಒರೆಸಬೇಕು, ಬಾಯಿಯ ಅಂಚು ಬಿಗಿಯಾಗಿ ಹಿಡಿಯಬಾರದು. ಒಡೆದರೆ ಆ ವಾರದ ಸಂತೆವರೆಗೆ ಕತ್ತಲೆ, ಜೊತೆಗೆ ಬೆನ್ನಿಗೆ ಬಿಸಿಬಿಸಿ.

ಇದನ್ನು ನಾನೂ ಒಂದು ಕಥೆಯಾಗಿ ಬರೆದಿದ್ದೆ. ತಂಗಿ ಗಾಜು ಒಡೆಯುವುದು, ಅಣ್ಣನಾದ ನಾನು ಅಡ್ಡ ನಿಂತು ಏಟು ತಿನ್ನುವುದು. ಬಹುಮಾನವೂ ಬಂತು. ಊರಿಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬೀನ್ಸ್ ಹೆಚ್ಚುತ್ತಾ ಪೂರ್ತಿ ಕೇಳಿದರು.

"ಒಡೆದದ್ದು ನೀನು ಮಾರಾಯ. ಏಟು ತಿಂದದ್ದು ಅವಳು."

ಆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಕ್ಷಮೆ ಕೇಳೋಣ ಅಂತ ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದಳು:

"ನಮ್ಮನೇಲಿ ಲಾಟೀನಿತ್ತಾ ಅಣ್ಣ?"