ಇಲಿ ಕೊಟ್ಟು ಬ್ರೆಡ್ ತನ್ನಿ

ನಿಯುವೆ ಎಂಬ ದೇಶವನ್ನು ಭೂಪಟದಲ್ಲಿ ಹುಡುಕಲು ಭೂತಗನ್ನಡಿ ಬೇಕು. ಟೋಂಗಾದ ಪೂರ್ವಕ್ಕೆ, ಶಾಂತ ಸಾಗರದ ನಡುವೆ ಸುಮಾರು 260 ಚದರ ಕಿಲೋಮೀಟರಿನ ಹವಳದ ದಿಬ್ಬ. ಜನ ಎರಡು ಸಾವಿರವೂ ಇಲ್ಲ. 1974ರಿಂದ ಸ್ವಂತ ಆಡಳಿತವಿದೆ, ದುಡ್ಡು ಮಾತ್ರ ಎರವಲು: ಅಂಗಡಿಯಲ್ಲಿ ನಡೆಯುವುದು ನ್ಯೂಜಿಲೆಂಡ್ ಡಾಲರ್. ಆದರೂ ಈ ದೇಶದ ಹೆಸರು ಹೊತ್ತ ನಾಣ್ಯಗಳ ಬಗೆಗಳನ್ನು ಎಣಿಸುತ್ತ ಕೂತರೆ ಬೆಳಗಾಗುತ್ತದೆ. 2001ರಲ್ಲಿ ಪೊಕೆಮಾನ್ ಕಾರ್ಟೂನಿನ ಪಿಕಾಚು ಬಂದ. 2011ರಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಖಳ ಡಾರ್ತ್ ವೇಡರ್. 2014ರಲ್ಲಿ ಮಿಕ್ಕಿ ಮೌಸ್. ಒಂದು ಮುಖದಲ್ಲಿ ಎಲಿಝಬೆತ್ ಮಹಾರಾಣಿ, ಮಗುಚಿದರೆ ಇಲಿ.

ಇದು ಅಲ್ಲಿ ಕಾನೂನು ಒಪ್ಪಿದ ಹಣ. ಹಣ ಅಂದಮೇಲೆ ಖರ್ಚು ಮಾಡುವ ಕ್ರಮವನ್ನೂ ತಿಳಿದಿರಬೇಕಲ್ಲ?

ಒಂದು ಔನ್ಸ್, ಅಂದರೆ 31.1 ಗ್ರಾಂ ಶುದ್ಧ ಬೆಳ್ಳಿಯ ಇಲಿ ನಾಣ್ಯ ಕೈಗೆತ್ತಿಕೊಳ್ಳಿ. ಮುಖಬೆಲೆ 2 ಡಾಲರ್. ಒಳಗಿನ ಬೆಳ್ಳಿಯ ಬೆಲೆಯೇ ಅದರ ಹತ್ತಾರು ಪಟ್ಟು. ಬಣ್ಣಕ್ಕೆ, ಡಬ್ಬಿಗೆ, ನಂಬರು ಹಾಕಿದ ಪ್ರಮಾಣಪತ್ರಕ್ಕೆ ಮೇಲೆ ತೆತ್ತದ್ದು ಬೇರೆ. ಆಕ್ಲೆಂಡಿಗೆ ಹೋಗಿ, ಅಲ್ಲಿಂದ ನಿಯುವೆಯ ವಿಮಾನ ಹಿಡಿಯಿರಿ. ನಡುವೆ ದಿನಾಂಕ ರೇಖೆ ದಾಟುವುದರಿಂದ ಭಾನುವಾರ ಹೊರಟರೆ ಶನಿವಾರ ಇಳಿಯುತ್ತೀರಿ. ನಷ್ಟ ಮಾಡಿಕೊಳ್ಳಲು ಒಂದು ದಿನ ಬಿಟ್ಟಿ. ರಾಜಧಾನಿ ಅಲೋಫಿಯ ಅಂಗಡಿಯಲ್ಲಿ ಇಲಿಯನ್ನು ಕೌಂಟರಿನ ಮೇಲಿಡಿ. ಅಂಗಡಿಯವರು ಒಪ್ಪಿದರೆ 2 ಡಾಲರಿನ ಸಾಮಾನು ಸಿಗುತ್ತದೆ. ಚಿಲ್ಲರೆ ಕೇಳಬೇಡಿ.

ಈ ನಾಣ್ಯ ಅಲ್ಲಿ ಹುಟ್ಟುವುದೂ ಇಲ್ಲ. ಟಂಕಸಾಲೆಗಳಿರುವುದು ನ್ಯೂಜಿಲೆಂಡಿನಲ್ಲಿ, ಪೋಲೆಂಡಿನಲ್ಲಿ. ದ್ವೀಪ ಹೆಸರು ಬಾಡಿಗೆಗೆ ಕೊಡುತ್ತದೆ, ಗೌರವಧನ ಪಡೆಯುತ್ತದೆ. ಹೆಸರು ಯಾಕೆ ಬೇಕು ಅಂದರೆ, ದೇಶದ ಹೆಸರು, ಮುಖಬೆಲೆ ಎರಡೂ ಇಲ್ಲದ ಬೆಳ್ಳಿ ಬಿಲ್ಲೆಯನ್ನು ಪದಕ ಅನ್ನಬೇಕಾಗುತ್ತದೆ. ಪದಕ ಅಂದರೆ ಶಾಲೆಯ ಸ್ಪೋರ್ಟ್ಸ್ ಡೇ ನೆನಪಾಗುತ್ತದೆ, ಯಾರೂ ಕೊಳ್ಳುವುದಿಲ್ಲ. ಶಾಂತ ಸಾಗರದ ಬೇರೆ ದ್ವೀಪದೇಶಗಳೂ ಹಿಂದೆ ಬಿದ್ದಿಲ್ಲ: ಪಲಾವು 2007ರಲ್ಲಿ ಫ್ರಾನ್ಸಿನ ಲೂರ್ದ್ ಕ್ಷೇತ್ರದ ತೀರ್ಥದ ಪುಟ್ಟ ಶೀಶೆಯನ್ನೇ ಡಾಲರ್ ನಾಣ್ಯದೊಳಗೆ ಕೂರಿಸಿತು. ದುಡ್ಡು ನೀರಿನಂತೆ ಖರ್ಚಾಗುತ್ತದೆ ಅನ್ನುತ್ತೇವಲ್ಲ, ಇಲ್ಲಿ ನೀರೇ ಖರ್ಚಾಗದೆ ಕೂತಿದೆ.

ಖರ್ಚು ಬೇಡ, ಕಪಾಟಿನಲ್ಲಿಡುತ್ತೇನೆ ಅನ್ನುವವರಿಗೂ ನೆಮ್ಮದಿಯಿಲ್ಲ. ಅಂಚು ಹಿಡಿದೇ ಎತ್ತಬೇಕು. ಕನ್ನಡಿ ಹೊಳಪಿನ ಮೇಲೆ ಹೆಬ್ಬೆಟ್ಟು ಬಿದ್ದರೆ ಬೆವರಿನ ಉಪ್ಪು ಬೆಳ್ಳಿ ತಿಂದು ಗುರುತು ಉಳಿಯುತ್ತದೆ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕೆಲವು ವರ್ಷಕ್ಕೆ ಹಸಿರು ಅಂಟು. ಎಲ್ಲ ಸರಿಯಾಗಿ ಮಾಡಿದರೂ ಒಂದು ದಿನ ಹಾಲಿನ ಹನಿಯಂಥ ಬಿಳಿ ಚುಕ್ಕೆ ಮೂಡಬಹುದು. ಅಚ್ಚಿಗೆ ಮುಂಚೆ ಬಿಲ್ಲೆ ತೊಳೆದ ದ್ರಾವಣ ಪೂರ್ತಿ ಹೋಗದೆ, ಕಾಯಿಸುವ ಕುಲುಮೆಯಲ್ಲಿ ಬೆಂದು ಅಂಟಿಕೊಂಡದ್ದರ ಫಲ ಅದು. ಕಂಪನಿಯ ತಪ್ಪು, ನಿಮ್ಮ ಕರ್ಮ. ಬೆಳ್ಳಿ ತಾನೇ ಎಂದು ದೀಪದ ಕಂಬದಂತೆ ವಿಭೂತಿ ಹಚ್ಚಿ ತಿಕ್ಕಿದಿರೋ, ಚುಕ್ಕೆ ಅಲ್ಲೇ ಇರುತ್ತದೆ, ಇಲಿಯ ಮೈತುಂಬ ಗೀರು.

ಆಮೇಲೆ ಉಳಿಯುವುದು ಸರಾಫರ ಅಂಗಡಿ. ಅವರು ಪ್ರಮಾಣಪತ್ರ ಓದುವುದಿಲ್ಲ, ಡಬ್ಬಿ ಪಕ್ಕಕ್ಕಿಡುತ್ತಾರೆ. ತಕ್ಕಡಿ 31.1 ತೋರಿಸುತ್ತದೆ. ಇಲಿಗೆ ತೂಕವಿಲ್ಲ, ಮಹಾರಾಣಿಗೂ ಇಲ್ಲ.