ಬ್ರೇಕ್ ಪ್ಯಾಡ್ ಮನೆಯಲ್ಲೇ ಹಾಕಿ, ಆದರೆ ಪಿನ್ ಬಿಚ್ಚದೆ ಮುಗಿಸಬೇಡಿ

ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಆಲ್ಟೊ, ವ್ಯಾಗನ್ಆರ್, ಹಳೆಯ ಸ್ಯಾಂಟ್ರೊ ಎಲ್ಲವೂ ಹೀಗೇ. ಮುಂದಿನ ಪ್ಯಾಡ್ ತೆಗೆದು ಹೊಸದು ಕೂರಿಸುವುದು ಗಟ್ಟಿ ಮನಸ್ಸು ಮಾಡಿದರೆ ಒಂದು ಭಾನುವಾರ ಬೆಳಗಿನ ಕೆಲಸ. ಆದರೆ ಪ್ಯಾಡ್ ಬದಲಿಸಿದರೆ ಬ್ರೇಕ್ ಕೆಲಸ ಮುಗಿಯಿತು ಅನ್ನೋದು ತಪ್ಪು. ಪ್ಯಾಡ್ ಸವೆಯುವ ಸಾಮಾನು, ಯಾರು ಬೇಕಾದರೂ ಹಾಕಬಹುದು. ಕೆಲಸವೆಲ್ಲ ಇರುವುದು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಎರಡು ಸ್ಲೈಡ್ ಪಿನ್‌ಗಳಲ್ಲಿ, ಅಂದರೆ ಕ್ಯಾಲಿಪರ್ ಜಾರುವ ಕಡ್ಡಿಗಳಲ್ಲಿ. ಗಡಿಬಿಡಿಯ ಗ್ಯಾರೇಜಿನಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಯಾಕೆ ಅಂತ ನೋಡಿ. ಈ ಕಾರುಗಳ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಂದೇ, ಅದೂ ಒಳಬದಿಗೆ ಮಾತ್ರ. ಪೆಡಲ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಅಂಟಿಕೊಂಡರೆ ಈ ಜಾರುವಿಕೆ ನಿಲ್ಲುತ್ತದೆ. ಒಳಗಿನ ಪ್ಯಾಡ್ ಕಬ್ಬಿಣಕ್ಕೆ ಬಂದಿರುತ್ತದೆ, ಹೊರಗಿನದು ಅರ್ಧ ಉಳಿದಿರುತ್ತದೆ. ಒಂದು ಪಿನ್ ಮಾತ್ರ ಅಂಟಿದ್ದರೆ ಪ್ಯಾಡ್ ಓರೆಯಾಗಿ, ಒಂದು ತುದಿ ತೆಳ್ಳಗೆ ಇನ್ನೊಂದು ತುದಿ ದಪ್ಪಗೆ ಸವೆಯುತ್ತದೆ. ಆದ್ದರಿಂದ ಹಳೆಯ ಪ್ಯಾಡ್ ತೆಗೆದ ಕೂಡಲೇ ಬಿಸಾಡಬೇಡಿ. ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ, ನಿಮ್ಮ ಕ್ಯಾಲಿಪರ್‌ನ ಜಾತಕ ಅಲ್ಲೇ ಇದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ, ಮಲೆನಾಡಿನ ನಾಲ್ಕು ತಿಂಗಳ ಮಳೆಗೆ ಪಿನ್ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿಯವರು ಪ್ಯಾಡ್ ಸವೆಯದಿದ್ದರೂ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಪಿನ್ ತೆಗೆದು ನೋಡುವುದು ಒಳ್ಳೆಯದು.

ಪ್ಯಾಡ್ ಯಾವಾಗ ಬದಲಿಸಬೇಕು? ಉಜ್ಜುವ ಭಾಗ 3 ಮಿಲಿಮೀಟರಿಗೆ ಬಂದಾಗ. ಹಿಂದಿನ ಕಬ್ಬಿಣದ ತಗಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ಯಾಡ್ ಸವೆದಾಗ ಕೀಂಯ್ ಎಂದು ಕೂಗಿಸುವ ತಗಡಿನ ನಾಲಿಗೆ ಎಲ್ಲ ಪ್ಯಾಡಿಗೂ ಇರುವುದಿಲ್ಲ, ಕೂಗಲಿ ನೋಡೋಣ ಅಂತ ಕಾಯುವುದು ಬೇಡ. ಒಂದು ಕಡೆ ಸವೆದಿದ್ದರೂ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಅಂಗಡಿಯಲ್ಲಿ ಕೇಳುವಾಗ ಮಾಡೆಲ್ ಹೆಸರು ಸಾಲದು, ತಯಾರಾದ ವರ್ಷವನ್ನೂ ಹೇಳಿ. ಒಂದೇ ಹೆಸರಿನ ಕಾರಿಗೆ ಎರಡು ಬಗೆಯ ಕ್ಯಾಲಿಪರ್ ಬಂದಿರಬಹುದು.

ಇನ್ನು ಜಾಗ. ನಮ್ಮ ಊರುಗಳ ಮನೆಗಳಲ್ಲಿ ಗೇಟಿನ ಮುಂದೆ ಇಳಿಜಾರು ಮಾಡಿರುತ್ತಾರಲ್ಲ, ಅಲ್ಲಿ ಈ ಕೆಲಸ ಬೇಡವೇ ಬೇಡ. ಸಮತಟ್ಟಾದ ಗಟ್ಟಿ ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರ್‌ಗೆ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ. ಕಾರಿನ ಜೊತೆ ಬರುವ ಜ್ಯಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಎತ್ತಿದ ಮೇಲೆ ಭಾರವನ್ನು ಜ್ಯಾಕ್ ಸ್ಟ್ಯಾಂಡಿನ (ಕಾರಿನಡಿ ಇಡುವ ಕಬ್ಬಿಣದ ಆಸರೆ) ಮೇಲೆ ಇಳಿಸಬೇಕು. ಸ್ಟ್ಯಾಂಡ್ ಬದಲು ಕಾಂಕ್ರೀಟ್ ಬ್ಲಾಕ್ ಜೋಡಿಸುವವರಿದ್ದಾರೆ. ಅದು ಒಂದೇ ಬಿಂದುವಿನ ಭಾರಕ್ಕೆ ಸೂಚನೆ ಕೊಡದೆ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನೂ ಬಾಗಿಲಿನ ಕೆಳಗೆ ಮಲಗಿಸಿಡಿ. ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಕಾಲು ತಿರುವು ಸಡಿಲ ಮಾಡಿಕೊಳ್ಳಿ.

ಚಕ್ರ ಬಿಚ್ಚಿದ ಮೇಲೆ ಕ್ಯಾಲಿಪರ್‌ನ ಹಿಂದೆ ಎರಡು ಬೋಲ್ಟ್ ಕಾಣುತ್ತವೆ, ಹೆಚ್ಚಾಗಿ 12 ಅಥವಾ 14ರ ಪಾನ ಹಿಡಿಯುತ್ತದೆ. ಕೆಳಗಿನದನ್ನಷ್ಟೇ ಬಿಚ್ಚಿ ಕ್ಯಾಲಿಪರನ್ನು ಬಾಗಿಲಿನಂತೆ ಮೇಲಕ್ಕೆ ಎತ್ತಿದರೂ ಪ್ಯಾಡ್ ಹೊರಗೆ ಬರುತ್ತದೆ. ಹತ್ತು ನಿಮಿಷದ ಕೆಲಸ ಆಗುವುದು ಹೀಗೆ, ಮೇಲಿನ ಪಿನ್ ವರ್ಷಗಟ್ಟಲೆ ಒಣಗುವುದೂ ಹೀಗೇ. ಎರಡನ್ನೂ ಬಿಚ್ಚಿ. ಬೋಲ್ಟ್ ಜೊತೆ ಪಿನ್ ಕೂಡ ತಿರುಗಿದರೆ ಪಿನ್ನಿನ ಚಪ್ಪಟೆ ಭಾಗವನ್ನು ತೆಳ್ಳನೆಯ ಪಾನದಿಂದ ಹಿಡಿದುಕೊಳ್ಳಬೇಕು. ಕ್ಯಾಲಿಪರ್ ಕೈಗೆ ಬಂದಾಗ ಹೋಸ್‌ನಲ್ಲಿ ನೇತಾಡಲು ಬಿಡಬೇಡಿ, ಒಂದು ತುಂಡು ಬೈಂಡಿಂಗ್ ವೈರ್‌ನಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಆ ಹೊತ್ತಿನಲ್ಲಿ ಮಕ್ಕಳು ಸ್ಟೀರಿಂಗ್ ಹಿಡಿದು ಆಡುತ್ತ ಪೆಡಲ್ ತುಳಿದರೆ ಪಿಸ್ಟನ್ನೇ ಹೊರಗೆ ಬರುತ್ತದೆ, ಬಾಗಿಲು ಲಾಕ್ ಮಾಡಿಡಿ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬೇಡಿ. ಯಾವ ಕ್ಲಿಪ್ ಹೇಗಿತ್ತು ಅಂತ ಅನುಮಾನ ಬಂದರೆ ಮುಟ್ಟದ ಬದಿಯೇ ನಕ್ಷೆ.

ಈಗ ಪಿನ್. ರಬ್ಬರ್ ಬೂಟ್ ಹರಿಯದಂತೆ ತಿರುಗಿಸುತ್ತಾ ಎಳೆಯಿರಿ. ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಬೇರೆ ಬೇರೆ ಇಡಿ. ಕೆಲವು ಗಾಡಿಗಳಲ್ಲಿ ಒಂದರ ತುದಿಗೆ ರಬ್ಬರ್ ತೋಳಿರುತ್ತದೆ, ಅದಲುಬದಲಾದರೆ ಸಿಕ್ಕಿಕೊಳ್ಳುತ್ತದೆ. ಹಳೆಯ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ, ರಂಧ್ರವನ್ನೂ ಬ್ರೇಕ್ ಕ್ಲೀನರ್ ಹೊಡೆದು ತೊಳೆಯಿರಿ. ಪಿನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಎಮರಿ ಹಾಕಿ ಉಪಯೋಗವಿಲ್ಲ, ಪಿನ್ ಮತ್ತು ಬೂಟ್ ಹೊಸದೇ ಬೇಕು. ಹಚ್ಚಬೇಕಾದದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್. ಬೇರಿಂಗ್ ಗ್ರೀಸ್ ಹಚ್ಚಿದರೆ ಕೆಲವು ತಿಂಗಳಲ್ಲಿ ರಬ್ಬರ್ ಊದಿ, ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಎಷ್ಟು? ಪಿನ್ನಿನ ಮೇಲೆ ತೆಳ್ಳನೆಯ ಪದರ, ಅಷ್ಟೇ. ತುಂಬಿಸಿದರೆ ಗಾಳಿ ಸಿಕ್ಕಿಕೊಂಡು ಪಿನ್ ವಾಪಸ್ ತಳ್ಳುತ್ತದೆ. ಹಾಕಿದ ಮೇಲೆ ಎರಡು ಬೆರಳಿನಲ್ಲಿ ಒಳಹೊರಗೆ ಸಲೀಸಾಗಿ ಜಾರಬೇಕು.

ಪ್ಯಾಡಿನ ಕಿವಿಗಳು ಕೂರುವ ಜಾಗವನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಹೊಸ ಕ್ಲಿಪ್ ಹಾಕಿ. ಹೊಸ ಪ್ಯಾಡ್ ಕೈಯಲ್ಲೇ ತಳ್ಳಿದರೆ ಜಾರಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದ ಪ್ಯಾಡ್ ಬ್ರೇಕ್ ಬಿಟ್ಟಾಗ ವಾಪಸ್ ಬರುವುದಿಲ್ಲ.

ದಪ್ಪಗಿನ ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಒಳಗೆ ತಳ್ಳಬೇಕು, ಅದಕ್ಕೂ ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿಯುವುದು ಸಹಜ. ಯಾರಾದರೂ ಮಧ್ಯೆ ಟಾಪ್‌ಅಪ್ ಮಾಡಿದ್ದರೆ ಪಿಸ್ಟನ್ ತಳ್ಳಿದಾಗ ಉಕ್ಕಿ ಪೇಂಟ್ ತಿಂದುಹಾಕುತ್ತದೆ. ಮೊದಲೇ ಸ್ವಲ್ಪ ಹೀರಿ ತೆಗೆಯಿರಿ. ಹಳೆಯ ಪ್ಯಾಡನ್ನೇ ಪಿಸ್ಟನ್ ಮೇಲಿಟ್ಟು ಸಿ-ಕ್ಲಾಂಪ್‌ನಲ್ಲಿ ನಿಧಾನ ಒತ್ತಿ. ಅಂದಹಾಗೆ ಈ 'ಆಯಿಲ್' ಎಂಬ ಹೆಸರೇ ಅಪಾಯಕಾರಿ. ಅದು ಎಣ್ಣೆಯಲ್ಲ, ಗ್ಲೈಕಾಲ್ ದ್ರವ. ಡಬ್ಬಿಗೆ ಒಂದು ಮುಚ್ಚಳ ಎಂಜಿನ್ ಆಯಿಲ್ ಬಿದ್ದರೂ ಮಾಸ್ಟರ್ ಸಿಲಿಂಡರ್‌ನಿಂದ ಹಿಡಿದು ಎಲ್ಲ ರಬ್ಬರ್ ಊದಿ ಹಾಳಾಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ದ್ರವದ ದರ್ಜೆ ಬರೆದಿರುತ್ತದೆ, ಅದನ್ನೇ ಹಾಕಿ. ಈ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ್ದಕ್ಕೆ ಇರುವ ಮಿತಿ 140. ದ್ರವ ಕುದ್ದು ಆವಿಯಾದರೆ ಪೆಡಲ್ ಮೆತ್ತಗಾಗುತ್ತದೆ. ಶಿರಾಡಿ, ಚಾರ್ಮಾಡಿ ಇಳಿಯುವಾಗ ಪೆಡಲ್ ಮೆತ್ತಗಾದರೆ ಪ್ಯಾಡನ್ನು ಬೈಯುವ ಮುನ್ನ ಈ ದ್ರವ ಎಷ್ಟು ಹಳೆಯದು ನೋಡಿ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಇನ್ನು ಡಿಸ್ಕ್ ಲೇತ್ ಹೊಡೆಸುವ, ಅಂದರೆ ಮೇಲ್ಮೈ ಕೆತ್ತಿಸಿ ನಯ ಮಾಡಿಸುವ ವಿಷಯ. ಪ್ಯಾಡ್ ಬದಲಿಸಿದಾಗಲೆಲ್ಲ ಡಿಸ್ಕ್ ಸ್ಕಿಮ್ಮಿಂಗ್ ಮಾಡಿಸಬೇಕು ಎನ್ನುವುದನ್ನು ಒಪ್ಪಲಾಗದು. ಸಣ್ಣ ಕಾರಿನ ಡಿಸ್ಕ್ ಮೊದಲೇ ತೆಳು. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗದಿದ್ದರೆ, ಉಗುರು ಸಿಕ್ಕುವಷ್ಟು ಗೀರು ಇಲ್ಲದಿದ್ದರೆ ಹಾಗೇ ಬಿಡಿ. ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಲೇತೂ ಬೇಡ, ಹೊಸದೇ ಹಾಕಿ.

ಕ್ಯಾಲಿಪರ್ ಬೋಲ್ಟ್ ದೊಡ್ಡ ಟಾಮಿ (ಉದ್ದ ಹಿಡಿಕೆಯ ಸನ್ನೆ) ಹಾಕಿ ಬಿಗಿಯುವಂಥದ್ದಲ್ಲ. ಸಣ್ಣ ಕಾರುಗಳಲ್ಲಿ 25ರಿಂದ 30 ನ್ಯೂಟನ್ ಮೀಟರಿನ ಆಸುಪಾಸು, ಚಕ್ರದ ನಟ್ಟಿಗೆ 85ರಿಂದ 100. ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಆಮೇಲೆ ಎಂಜಿನ್ ಶುರು ಮಾಡುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಹತ್ತಾರು ಸಲ ಒತ್ತಿ. ತಳ್ಳಿದ ಪಿಸ್ಟನ್ ಪ್ಯಾಡಿನಿಂದ ದೂರ ಇರುತ್ತದೆ, ಮೊದಲ ಸಲ ಪೆಡಲ್ ನೆಲಕ್ಕೆ ಹೋಗುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದವರ ಕಾರು ಗೋಡೆಗೆ ತಾಗಿಯೇ ನಿಲ್ಲುತ್ತದೆ.

ಖಾಲಿ ರಸ್ತೆಯಲ್ಲಿ ಗಂಟೆಗೆ 60ರಿಂದ 20ಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ನಡುನಡುವೆ ಗಾಳಿಗೆ ಬಿಡಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವುದು ಹೀಗೆ.

ಹಿಂದಿನ ಡ್ರಮ್ಮನ್ನು ಮಾತ್ರ ಮೊದಲ ಸಲಕ್ಕೆ ಮುಟ್ಟಬೇಡಿ. ಸ್ಪ್ರಿಂಗುಗಳ ಗೊಂದಲ ಒಂದು ಕಡೆ, ಕೆಲವು ಗಾಡಿಗಳಲ್ಲಿ ಬೇರಿಂಗೂ ಡ್ರಮ್ಮಿನಲ್ಲೇ ಇರುತ್ತದೆ. ಬಿಚ್ಚಿದವರು ಒಳಗಿನ ಪುಡಿಯನ್ನು ಗಾಳಿ ಹೊಡೆದು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಗ್ಗದ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಡ್ರಮ್ಮಿನೊಳಗೆ ಉಜ್ಜುವ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಅಂಚು ಒದ್ದೆಯಾಗಿದ್ದರೆ ಹೊಸ ಶೂ ಹಾಕಿ ಪ್ರಯೋಜನವಿಲ್ಲ, ಅದು ಮೆಕ್ಯಾನಿಕ್ ಕೆಲಸ.

ಎರಡು ದಿನ ಬಿಟ್ಟು ಒಂದು ಪರೀಕ್ಷೆ ಮಾಡಿ. ಹತ್ತು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕ್ ಕಡಿಮೆ ಬಳಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರದ ಹತ್ತಿರ ಕೈ ಒಡ್ಡಿ, ಮುಟ್ಟಬೇಡಿ. ಒಂದು ಬದಿ ಎದ್ದು ಕಾಣುವಷ್ಟು ಬಿಸಿ ಇದ್ದರೆ ಆ ಬದಿಯನ್ನು ಮತ್ತೆ ಬಿಚ್ಚಿ ಮೊದಲು ಪಿನ್ ನೋಡಿ, ಅದು ಸಲೀಸಾಗಿದ್ದರೆ ಆಮೇಲೆ ಪಿಸ್ಟನ್.